ಅಕ್ರಿಲಿಕ್ಕೋ ಪಾಲಿಕಾರ್ಬನೇಟೋ? ಮೊದಲು ಹಳೆಯ ವಿಂಡ್‌ಶೀಲ್ಡ್ ಹೇಗೆ ಹಾಳಾಯ್ತು ನೋಡಿ

ಪ್ರಶ್ನೆ: ನನ್ನ ಬೈಕಿನ ವಿಂಡ್‌ಶೀಲ್ಡ್ ಬದಲಿಸಬೇಕಾಗಿದೆ. ದಿನಾ ಸುಮಾರು 70 ಕಿ.ಮೀ. ಹೆದ್ದಾರಿಯಲ್ಲಿ ಓಡಾಡುತ್ತೇನೆ. ಮುಂದೆ ಲಾರಿ ಇದ್ದೇ ಇರುತ್ತದೆ. ಈಗಿರುವುದು ಎತ್ತರದ್ದು, ಅದರ ಮೂಲಕವೇ ರಸ್ತೆ ನೋಡಬೇಕು. ಎರಡೇ ವರ್ಷಕ್ಕೆ ಮಬ್ಬಾಗಿದೆ. ರಾತ್ರಿ ಎದುರಿನ ಲೈಟು ಬಿದ್ದರೆ ಜೇಡರ ಬಲೆಯ ಹಾಗೆ ಗೀರುಗಳು ಹೊಳೆಯುತ್ತವೆ. ಕೆಳಗಿನ ಎರಡು ಸ್ಕ್ರೂಗಳ ಸುತ್ತ ಸಣ್ಣ ಬಿರುಕು ಬಂದಿದೆ. ನಾನು ದಿನಾ ಬೆಳಿಗ್ಗೆ ಹೊರಡುವ ಮುಂಚೆ ತಪ್ಪದೆ ಬಟ್ಟೆಯಿಂದ ಒರೆಸುತ್ತೇನೆ, ಆದರೂ ಹೀಗೆ. ಮಾರುವವರು 'ಪಾಲಿಕಾರ್ಬನೇಟ್ ತಗೊಳ್ಳಿ, ಒಡೆಯೋದೇ ಇಲ್ಲ' ಅಂತಾರೆ. ಗೆಳೆಯ 'ಅಕ್ರಿಲಿಕ್ಕೇ ಸ್ಪಷ್ಟ, ಹಳದಿ ಆಗಲ್ಲ' ಅಂತಾನೆ. ಬಿಸಿಲಲ್ಲಿ ನಾನು ಪೋಲರೈಸ್ಡ್ ಕನ್ನಡಕ ಹಾಕುತ್ತೇನೆ. ಯಾವುದು ತೆಗೆದುಕೊಳ್ಳಲಿ?

ಉತ್ತರ: ಹೊಸದರ ಯೋಚನೆ ಸ್ವಲ್ಪ ಬದಿಗಿಟ್ಟು ಹಳೆಯದನ್ನೇ ಇನ್ನೊಮ್ಮೆ ನೋಡೋಣ. ಅದಕ್ಕೆ ಎರಡು ಕಾಯಿಲೆ ಎಂದು ನೀವೇ ಬರೆದಿದ್ದೀರಿ. ಒಂದು ಗೀರು, ಇನ್ನೊಂದು ಸ್ಕ್ರೂ ಸುತ್ತಲಿನ ಬಿರುಕು. ಎರಡು ವರ್ಷ ಲಾರಿಗಳ ಹಿಂದೆ ಓಡಿಸಿಯೂ ಅದು ಕಲ್ಲು ಬಡಿದು ಒಡೆದಿಲ್ಲ, ಅಲ್ವಾ? ಗೀರು ಹಾಕಿದ್ದು ನಿಮ್ಮ ಬೆಳಗಿನ ಬಟ್ಟೆ. ಬಿರುಕು ತಂದದ್ದು ಸ್ಕ್ರೂ ಬಿಗಿದವರ ಕೈ. ಬೇಜಾರು ಮಾಡಿಕೊಳ್ಳಬೇಡಿ. ನಾನು ಬಿಚ್ಚಿ ನೋಡಿದ ಹಾಳಾದ ವಿಂಡ್‌ಶೀಲ್ಡ್‌ಗಳಲ್ಲಿ ಹೆಚ್ಚಿನವು ಇದೇ ಎರಡು ಕಾರಣಕ್ಕೆ ಹೋದವು. ಅವೆರಡನ್ನೂ ಸರಿಮಾಡದೆ ಬರೀ ಪ್ಲಾಸ್ಟಿಕ್ ಬದಲಿಸಿದರೆ ಇನ್ನೆರಡು ವರ್ಷಕ್ಕೆ ಇದೇ ಪ್ರಶ್ನೆ ಮತ್ತೆ ಕೇಳಬೇಕಾಗುತ್ತದೆ.

ಹಾಗಂತ ಯಾವ ಪ್ಲಾಸ್ಟಿಕ್ ಆದರೂ ಒಂದೇ ಎಂದಲ್ಲ. ವ್ಯತ್ಯಾಸ ಕಣ್ಣಾರೆ ನೋಡಬೇಕೆಂದರೆ ಹತ್ತು ವರ್ಷ ಬಿಸಿಲಲ್ಲೇ ನಿಂತ ಒಂದು ಕಾರಿನ ಹತ್ತಿರ ಹೋಗಿ. ಮುಂದಿನ ಹೆಡ್‌ಲೈಟಿನ ಮುಖ ಹಳದಿಯಾಗಿ, ಹಾಲು ಚೆಲ್ಲಿದ ಹಾಗೆ ಮಬ್ಬಾಗಿರುತ್ತದೆ. ಹಿಂದಿನ ಕೆಂಪು ದೀಪ ಮಾತ್ರ ಇನ್ನೂ ಹೊಸದರ ಹಾಗೆ ಹೊಳೆಯುತ್ತಿರುತ್ತದೆ. ಅದೇ ಕಾರು, ಅದೇ ಬಿಸಿಲು. ಹೆಡ್‌ಲೈಟಿನ ಮುಖ ಪಾಲಿಕಾರ್ಬನೇಟ್, ಹಿಂದಿನ ದೀಪ ಸಾಮಾನ್ಯವಾಗಿ ಅಕ್ರಿಲಿಕ್. ಹೀಗೆ ಹಂಚಿದ್ದು ಲೆಕ್ಕ ಹಾಕಿಯೇ. ಮುಂದೆ ಕಲ್ಲು ಬಡಿಯುತ್ತದೆ, ಒಳಗಿನ ಬಲ್ಬಿನ ಕಾವೂ ಇರುತ್ತದೆ. ಅಲ್ಲಿ ಗಟ್ಟಿತನ ಬೇಕು. ಹಿಂದೆ ಅಂಥ ಹೊಡೆತ ಕಡಿಮೆ, ಬಣ್ಣ ಉಳಿದರೆ ಸಾಕು. ನಿಮ್ಮ ಗೆಳೆಯ ಹೇಳಿದ್ದೂ ನಿಜ, ಮಾರುವವರು ಹೇಳಿದ್ದೂ ಮುಕ್ಕಾಲು ನಿಜ.

ಅಕ್ರಿಲಿಕ್ ಹಳೆಯ ಸರಕು. ಜರ್ಮನಿಯ ಒಟ್ಟೊ ರೋಮ್ 1933ರಲ್ಲಿ ಇದನ್ನು ಪ್ಲೆಕ್ಸಿಗ್ಲಾಸ್ ಎಂಬ ಹೆಸರಿನಲ್ಲಿ ತಂದರು. ಪರ್ಸ್ಪೆಕ್ಸ್ ಎಂದರೂ ಇದೇ. ಎರಡನೇ ಮಹಾಯುದ್ಧದ ಯುದ್ಧವಿಮಾನಗಳಲ್ಲಿ ಪೈಲಟ್ ತಲೆಯ ಮೇಲಿನ ಪಾರದರ್ಶಕ ಮುಚ್ಚಳ ಇದರದ್ದೇ. ಗುಂಡು ಬಡಿದಾಗ ಅದು ಚೂರಾಗಿ ಪೈಲಟ್‌ಗಳ ಕಣ್ಣಿಗೇ ಚುಚ್ಚಿದ್ದುಂಟು. ಆ ಚೂರುಗಳು ಕಣ್ಣೊಳಗೆ ಉಳಿದರೂ ಕಣ್ಣು ಕೆರಳಲಿಲ್ಲ ಎಂಬುದನ್ನು ಹೆರಾಲ್ಡ್ ರಿಡ್ಲಿ ಎಂಬ ಇಂಗ್ಲಿಷ್ ಕಣ್ಣಿನ ವೈದ್ಯರು ಗಮನಿಸಿದರು. 1949ರಲ್ಲಿ ಅದೇ ಪ್ಲಾಸ್ಟಿಕ್ಕಿನ ಮಸೂರವನ್ನು ಪೊರೆ ತೆಗೆದ ಕಣ್ಣಿನೊಳಗೆ ಕೂರಿಸಿದರು. ಈಗ ಪೊರೆಯ ಆಪರೇಷನ್ನಿನಲ್ಲಿ ಲೆನ್ಸ್ ಹಾಕುವ ಪದ್ಧತಿ ಶುರುವಾದದ್ದು ಅಲ್ಲಿಂದ. ವೈದ್ಯಕೀಯಕ್ಕೆ ಒಳ್ಳೆಯದೇ ಆಯಿತು. ಬೈಕಿನ ಮಟ್ಟಿಗೆ ನಾವು ನೆನಪಿಡಬೇಕಾದ್ದು ಕಥೆಯ ಮೊದಲರ್ಧ. ಅಕ್ರಿಲಿಕ್ ಒಡೆದರೆ ಚೂಪು ಚೂರಾಗುತ್ತದೆ.

ಪಾಲಿಕಾರ್ಬನೇಟ್ ಬಂದದ್ದು 1953ರಲ್ಲಿ. ಜರ್ಮನಿಯ ಬೇಯರ್ ಕಂಪನಿಯಲ್ಲಿ ಹರ್ಮನ್ ಶ್ನೆಲ್, ಅಮೆರಿಕದ ಜನರಲ್ ಎಲೆಕ್ಟ್ರಿಕ್‌ನಲ್ಲಿ ಡೇನಿಯಲ್ ಫಾಕ್ಸ್ ಒಬ್ಬರಿಗೊಬ್ಬರು ಗೊತ್ತಿಲ್ಲದೆ ಅದೇ ವರ್ಷ ಇದನ್ನು ಮಾಡಿದರು. ಮ್ಯಾಕ್ರೊಲಾನ್, ಲೆಕ್ಸಾನ್ ಎಂಬ ಹೆಸರುಗಳನ್ನು ನೀವು ಕೇಳಿರಬಹುದು. ಎರಡೂ ಪಾಲಿಕಾರ್ಬನೇಟೇ. ಚಂದ್ರನ ಮೇಲೆ ಇಳಿದವರ ಗುಂಡನೆಯ ಪಾರದರ್ಶಕ ಹೆಲ್ಮೆಟ್ ಇದರದ್ದು. ನಿಮ್ಮ ಹೆಲ್ಮೆಟ್ಟಿನ ವೈಸರ್ ಕೂಡ ಬಹುಪಾಲು ಇದರದ್ದೇ ಇರುತ್ತದೆ.

ಈಗ ಕಲ್ಲಿನ ವಿಷಯ. ಮುಂದಿನ ಲಾರಿಯ ಚಕ್ರ 10 ಗ್ರಾಂ ತೂಕದ ಒಂದು ಜಲ್ಲಿ ಚೂರನ್ನು ಮೇಲಕ್ಕೆ ಚಿಮ್ಮಿಸಿತು ಎಂದುಕೊಳ್ಳಿ. ಅದು ಗಾಳಿಯಲ್ಲಿ ಹೆಚ್ಚುಕಡಿಮೆ ನಿಂತಿರುವಾಗ ನೀವು 80 ಕಿ.ಮೀ. ವೇಗದಲ್ಲಿ ಹೋಗಿ ಅದಕ್ಕೆ ಬಡಿಯುತ್ತೀರಿ. ಆ ಹೊಡೆತ, ಕಾಲು ಕೆಜಿ ತೂಕವನ್ನು ಒಂದು ಮೀಟರ್ ಎತ್ತರದಿಂದ ಬಿಟ್ಟಷ್ಟು. ಅದೇ ಕಲ್ಲು ಎದುರಿನಿಂದ 80ರಲ್ಲೇ ಬಂದರೆ ಎರಡು ವೇಗವೂ ಕೂಡುತ್ತವೆ. ಆಗ ಹೊಡೆತ ಎರಡು ಪಟ್ಟಲ್ಲ, ನಾಲ್ಕು ಪಟ್ಟು. ಅದೇ ತೂಕವನ್ನು ನಾಲ್ಕು ಮೀಟರ್ ಮೇಲಿಂದ ಬಿಟ್ಟ ಹಾಗೆ, ಅದೂ ಜಲ್ಲಿಯ ಚೂಪು ಮೂಲೆಯ ಮೇಲೆ. ವಿಂಡ್‌ಶೀಲ್ಡ್ ವಾಲಿಕೊಂಡಿರುವುದರಿಂದ ಎಷ್ಟೋ ಕಲ್ಲು ಜಾರಿ ಹೋಗುತ್ತವೆ. ನೇರ ಬಡಿಯುವ ಒಂದೋ ಎರಡೋ ಇರುತ್ತವಲ್ಲ, ನಾವು ಯೋಚಿಸಬೇಕಾದ್ದು ಅವುಗಳದ್ದು.

ಪ್ರಯೋಗಾಲಯದಲ್ಲಿ ಪ್ಲಾಸ್ಟಿಕ್ ಪಟ್ಟಿಗೆ ಒಂದು ಕಚ್ಚು ಹಾಕಿ ಸುತ್ತಿಗೆಯಿಂದ ಹೊಡೆದು ನೋಡುವ ಪರೀಕ್ಷೆ ಇದೆ. ಅದರಲ್ಲಿ ಮಾಮೂಲಿ ಅಕ್ರಿಲಿಕ್‌ಗಿಂತ ಪಾಲಿಕಾರ್ಬನೇಟ್ ಸುಮಾರು 30 ಪಟ್ಟು ಹೊಡೆತ ತಡೆಯುತ್ತದೆ. ಕಚ್ಚು ಹಾಕುತ್ತಾರೆ ಎನ್ನುವುದೇ ಇಲ್ಲಿ ಮುಖ್ಯ. ಗೀರಿಲ್ಲದ, ತೂತಿಲ್ಲದ ಹೊಸ ಅಕ್ರಿಲಿಕ್ ಹಾಳೆ ಪರವಾಗಿಲ್ಲ ಎನ್ನುವಷ್ಟು ಗಟ್ಟಿ, ಗಾಜಿಗಿಂತ ಎಷ್ಟೋ ಮೇಲು. ಆದರೆ ಅದಕ್ಕೊಂದು ಆಳವಾದ ಗೀರೋ ಒರಟು ಅಂಚಿನ ತೂತೋ ಸಿಕ್ಕಿದರೆ ಬಿರುಕು ಅಲ್ಲಿಂದಲೇ ಹೊರಟು ಸರ್ರನೆ ಓಡುತ್ತದೆ. ಪಾಲಿಕಾರ್ಬನೇಟಿನಲ್ಲಿ ಹೊಡೆತ ಬಿದ್ದ ಜಾಗ ತಗ್ಗಾಗುತ್ತದೆ, ಬಾಗುತ್ತದೆ, ಬೆಳ್ಳಗಾಗುತ್ತದೆ. ಚೂರಾಗುವುದು ಅಪರೂಪ. ಬೈಕ್ ನಿಂತಲ್ಲೇ ಪಕ್ಕಕ್ಕೆ ಬಿದ್ದರೂ ಈ ವ್ಯತ್ಯಾಸ ಕಾಣುತ್ತದೆ. ಒಂದರ ಮೂಲೆ ಮುರಿದು ಹೋಗುತ್ತದೆ, ಇನ್ನೊಂದು ಮಡಚಿ ಮತ್ತೆ ನೆಟ್ಟಗಾಗುತ್ತದೆ. ವೇಗದಲ್ಲಿ ಬಿದ್ದು ಎದೆಯೋ ಕತ್ತೋ ವಿಂಡ್‌ಶೀಲ್ಡಿಗೆ ತಗಲುವ ಸಂದರ್ಭ ನೆನೆಸಿಕೊಂಡರೆ ನನಗೆ ಮಡಚುವುದೇ ಇಷ್ಟ.

ಮಧ್ಯದ ದಾರಿಯೂ ಒಂದಿದೆ. ಅಕ್ರಿಲಿಕ್ಕಿಗೆ ರಬ್ಬರಿನಂಥ ಅತಿ ಸಣ್ಣ ಕಣಗಳನ್ನು ಬೆರೆಸಿ, ಮಾಮೂಲಿಗಿಂತ ಹಲವು ಪಟ್ಟು ಹೊಡೆತ ತಡೆಯುವ ಹಾಗೆ ಮಾಡುತ್ತಾರೆ. 'ಒಡೆಯದ ಅಕ್ರಿಲಿಕ್' ಎಂದು ಕೆಲವರು ಮಾರುವುದು ಇದನ್ನೇ. ಒಡೆಯದ ಎನ್ನುವುದು ಜಾಸ್ತಿಯಾಯಿತು. ಆದರೆ ಮಾಮೂಲಿ ಅಕ್ರಿಲಿಕ್ಕಿಗಿಂತ ಮೇಲು, ಪಾಲಿಕಾರ್ಬನೇಟಿಗಿಂತ ಕೆಳಗೆ, ಗೀರಿನ ವಿಷಯದಲ್ಲಿ ಮಾಮೂಲಿಗಿಂತ ಸ್ವಲ್ಪ ಮೆದು ಎಂದುಕೊಳ್ಳಿ.

ಗೀರಿನ ವಿಷಯವನ್ನು ಸ್ವಲ್ಪ ಬಿಡಿಸಿ ಹೇಳಬೇಕು. ನಿಮ್ಮ ನಿಜವಾದ ತೊಂದರೆ ಇದೇ. ರಸ್ತೆಯ ಧೂಳು ಎಂದರೆ ಬಹುಪಾಲು ಮರಳಿನ ಪುಡಿ. ಮರಳಿನಲ್ಲಿರುವ ಸ್ಫಟಿಕ ಗಾಜನ್ನೇ ಗೀರಬಲ್ಲದು, ಇನ್ನು ಪ್ಲಾಸ್ಟಿಕ್ ಯಾವ ಲೆಕ್ಕ? ರಾತ್ರಿ ನಿಂತ ಗಾಡಿಯ ಮೇಲೆ ಈ ಪುಡಿ ಕೂತಿರುತ್ತದೆ. ಬೆಳಿಗ್ಗೆ ನೀವು ಒಣ ಬಟ್ಟೆ ತೆಗೆದುಕೊಂಡು ಗುಂಡಗೆ ತಿಕ್ಕುತ್ತೀರಿ. ಬಟ್ಟೆ ಎಷ್ಟೇ ಮೆತ್ತಗಿರಲಿ, ಅದರ ಕೆಳಗೆ ಮರಳು ಉರುಳುತ್ತಿರುತ್ತದೆ. ಸ್ಯಾಂಡ್ ಪೇಪರ್ ಎಂದರೂ ಇಷ್ಟೇ ತಾನೆ, ಮರಳು ಅಂಟಿಸಿದ ಕಾಗದ. ರಾತ್ರಿ ಕಾಣುವ ಜೇಡರ ಬಲೆಯ ಗುಟ್ಟೂ ಇದೇ. ಗೀರುಗಳು ಎಲ್ಲಾ ದಿಕ್ಕಿಗೂ ಇರುತ್ತವೆ. ಬೆಳಕಿನ ಕಡೆಗೆ ಅಡ್ಡಲಾಗಿ ಮಲಗಿದ ಗೀರುಗಳಷ್ಟೇ ಹೊಳೆದು ನಮ್ಮ ಕಣ್ಣಿಗೆ ಬರುತ್ತವೆ. ಹಾಗಾಗಿ ದೀಪದ ಸುತ್ತ ಸುತ್ತುಸುತ್ತಾಗಿ ಬಲೆ ಕಟ್ಟಿದಂತೆ ಕಾಣುತ್ತದೆ.

ಬರೀ ಪ್ಲಾಸ್ಟಿಕ್ಕನ್ನೇ ಹೋಲಿಸಿದರೆ ಇಲ್ಲಿ ಅಕ್ರಿಲಿಕ್ಕೇ ಮೇಲು. ಅದರ ಮೈ ಗಡಸು. ಪಾಲಿಕಾರ್ಬನೇಟಿನ ಮೈ ಎಷ್ಟು ಮೆದು ಎಂದರೆ ಉಗುರಿನಿಂದ ಜೋರಾಗಿ ಗೀರಿದರೂ ಗುರುತು ಬೀಳಬಹುದು. ಬಿಸಿಲಿಗೂ ಅದು ಸೋಲುತ್ತದೆ. ಅದರ ಅಣುವಿನಲ್ಲಿ ಬೆಂಜೀನ್ ಉಂಗುರಗಳಿವೆ. ಅವು ಬಿಸಿಲಿನ ಅತಿನೇರಳೆ ಕಿರಣ ಹೀರಿಕೊಂಡು ನಿಧಾನಕ್ಕೆ ಹಳದಿಯಾಗುತ್ತವೆ. ಅಕ್ರಿಲಿಕ್ಕಿನ ಅಣುವಿನಲ್ಲಿ ಅಂಥ ಉಂಗುರವೇ ಇಲ್ಲ, ಅದಕ್ಕೇ ಹಿಂದಿನ ದೀಪ ಹಾಗೇ ಉಳಿಯುವುದು.

ಹಾಗಾಗಿ ಒಳ್ಳೆಯ ಪಾಲಿಕಾರ್ಬನೇಟ್ ವಿಂಡ್‌ಶೀಲ್ಡ್ ಎಂದೂ ಬರೀ ಮೈಯಲ್ಲಿ ಬರುವುದಿಲ್ಲ. ಸಿಲಿಕಾನ್ ಇರುವ ಒಂದು ಗಡಸು ಪದರ, ಅಂದರೆ ಹಾರ್ಡ್‌ಕೋಟ್, ಅದರ ಮೇಲೆ ಹಾಕಿರುತ್ತಾರೆ. ಅತಿನೇರಳೆ ಕಿರಣ ತಡೆಯುವ ವಸ್ತುವೂ ಆ ಪದರದಲ್ಲೋ ಅದರ ಕೆಳಗಿನ ಪದರದಲ್ಲೋ ಇರುತ್ತದೆ. ಇದು ಇರುವವರೆಗೆ ಪಾಲಿಕಾರ್ಬನೇಟ್ ಗೀರಿನಲ್ಲಿ ಅಕ್ರಿಲಿಕ್ಕನ್ನೂ ಮೀರಿಸುತ್ತದೆ. ಆದರೆ ಇದರ ದಪ್ಪ ಕೆಲವೇ ಮೈಕ್ರಾನ್, ತಲೆಕೂದಲಿನ ದಪ್ಪದ ಸಣ್ಣ ಪಾಲು. ಒಮ್ಮೆ ಇದನ್ನು ದಾಟಿ ಗೀರು ಬಿದ್ದರೆ ಮತ್ತೆ ಸರಿ ಮಾಡಲು ಬರುವುದಿಲ್ಲ. ಪಾಲಿಶ್ ಹಾಕಿ ಉಜ್ಜಿದರೆ ಇದ್ದ ಪದರವೂ ಹೋಗಿ ಆ ಜಾಗ ಬಿಸಿಲಿಗೆ ತೆರೆದುಕೊಳ್ಳುತ್ತದೆ. ಹೆಡ್‌ಲೈಟ್ ಉಜ್ಜಿ ಪಳಪಳ ಮಾಡಿಸಿದವರು ಕೆಲವು ತಿಂಗಳಲ್ಲೇ ಅದು ಮತ್ತೆ ಹಳದಿಯಾಯಿತು ಎನ್ನುವುದನ್ನು ಕೇಳಿರುತ್ತೀರಿ. ಕಾರಣ ಇದೇ.

ಅಕ್ರಿಲಿಕ್ ಈ ವಿಷಯದಲ್ಲಿ ತುಂಬಾ ಸಾಧು. ಮೇಲಿನಿಂದ ಕೆಳಗಿನವರೆಗೆ ಒಂದೇ ವಸ್ತು. ಗೀರು ಬಿತ್ತೇ, 1000, 1500, 2000 ನಂಬರಿನ ವಾಟರ್ ಪೇಪರ್ ಒಂದಾದ ಮೇಲೊಂದು ನೀರು ಹಾಕಿ ಉಜ್ಜಿ, ಕೊನೆಗೆ ಪ್ಲಾಸ್ಟಿಕ್ ಪಾಲಿಶ್ ಹಾಕಿ. ಮತ್ತೆ ಹೊಳೆಯುತ್ತದೆ. ಒಂದೇ ಕಡೆ ಒತ್ತಿ ಉಜ್ಜಬಾರದು ಅಷ್ಟೆ. ಅಲ್ಲಿ ತಗ್ಗಾದರೆ ರಸ್ತೆ ಅಲೆಅಲೆಯಾಗಿ ಕಾಣುತ್ತದೆ. ಇದು ಒಂದು ಭಾನುವಾರದ ಕೆಲಸ, ಕೈ ಸೋತು ಹೋಗುತ್ತದೆ. ನಾನು ಮಾಡಿದ ಮೊದಲ ವಿಂಡ್‌ಶೀಲ್ಡಿಗೆ ಆತುರದಲ್ಲಿ 400 ನಂಬರಿನ ಒರಟು ಪೇಪರಿನಿಂದ ಶುರು ಮಾಡಿ, ಆ ಗೀರು ತೆಗೆಯಲು ಇನ್ನೊಂದು ಭಾನುವಾರ ಕಳೆದೆ. ಅಕ್ರಿಲಿಕ್ಕಿಗೂ ಕೆಲವರು ಹಾರ್ಡ್‌ಕೋಟ್ ಹಾಕಿ ಮಾರುತ್ತಾರೆ. ಅಂಥದ್ದಕ್ಕೆ ಪಾಲಿಶ್ ಮಾತು ಅನ್ವಯಿಸುವುದಿಲ್ಲ.

ಇಷ್ಟರ ಮೇಲೆ ಒಂದು ಮಾತು ಖಡಾಖಂಡಿತ. ಕೋಟಿಂಗ್ ಇಲ್ಲದ ಪಾಲಿಕಾರ್ಬನೇಟ್ ವಿಂಡ್‌ಶೀಲ್ಡ್ ಕೊಳ್ಳಲೇಬೇಡಿ. ಅದು ಗೀರೂ ಬೀಳುತ್ತದೆ, ಹಳದಿಯೂ ಆಗುತ್ತದೆ. ಕೊಳ್ಳುವಾಗ 'ಒಡೆಯುತ್ತಾ' ಎಂದು ಕೇಳಬೇಡಿ. 'ಹಾರ್ಡ್‌ಕೋಟ್ ಎರಡೂ ಬದಿಗೆ ಇದೆಯಾ' ಎಂದು ಕೇಳಿ. ಒಳಬದಿಯನ್ನೂ ನೀವು ಒರೆಸುತ್ತೀರಿ, ಜಾಕೆಟ್ಟಿನ ಜಿಪ್ಪು ತಗಲುವುದೂ ಅಲ್ಲೇ.

ಇನ್ನು ಸ್ಪಷ್ಟತೆ. ಅಕ್ರಿಲಿಕ್ ಶೇ. 92ರಷ್ಟು ಬೆಳಕು ಬಿಡುತ್ತದೆ, ಪಾಲಿಕಾರ್ಬನೇಟ್ ಶೇ. 88ರ ಆಸುಪಾಸು. ಈ ನಾಲ್ಕು ಅಂಕ ಕಣ್ಣಿಗೆ ಗೊತ್ತೇ ಆಗುವುದಿಲ್ಲ, ಅದಕ್ಕೆ ತಲೆ ಕೆಡಿಸಿಕೊಳ್ಳಬೇಡಿ. ಗೊತ್ತಾಗುವುದು ಬೇರೆ ಎರಡು. ಪಾಲಿಕಾರ್ಬನೇಟ್ ಬೆಳಕಿನ ಬಣ್ಣಗಳನ್ನು ಜಾಸ್ತಿ ಬಿಡಿಸುತ್ತದೆ. ಓರೆಯಾಗಿ, ತುಂಬಾ ಬಾಗಿದ ಜಾಗದಲ್ಲಿ ನೋಡಿದರೆ ದೀಪಗಳ ಅಂಚಿಗೆ ನೀಲಿ, ಕೆಂಪು ಸೆರಗು ಕಾಣಬಹುದು. ಎರಡನೆಯದು ನಿಮಗೇ ಸಂಬಂಧಿಸಿದ್ದು. ಹಾಳೆಯನ್ನು ಕಾಯಿಸಿ ಅಚ್ಚಿನಲ್ಲಿ ಬಗ್ಗಿಸುವಾಗ ಪಾಲಿಕಾರ್ಬನೇಟಿನ ಒಳಗೆ ಸೆಳೆತ ಉಳಿದುಬಿಡುತ್ತದೆ. ಪೋಲರೈಸ್ಡ್ ಕನ್ನಡಕ ಹಾಕಿ ನೋಡಿದರೆ ಆ ಸೆಳೆತವೆಲ್ಲ ಕಾಮನಬಿಲ್ಲಿನ ಪಟ್ಟೆಗಳಾಗಿ ಕಾಣುತ್ತದೆ, ನೀರಿನ ಮೇಲೆ ಎಣ್ಣೆ ತೇಲಿದ ಹಾಗೆ. ಅಪಾಯವಲ್ಲ, ಆದರೆ ಗಂಟೆಗಟ್ಟಲೆ ಅದರ ಮೂಲಕ ರಸ್ತೆ ನೋಡುವುದು ಕಿರಿಕಿರಿ. ಅಕ್ರಿಲಿಕ್ಕಿನಲ್ಲಿ ಇದು ಇಲ್ಲವೆಂದೇ ಹೇಳಬಹುದು.

ಹಾಗಾದರೆ ನಿಮಗೆ ಅಕ್ರಿಲಿಕ್ಕೇ ಸರಿಯೇ? ಅದರ ಮೂಲಕವೇ ನೋಡುವುದಾದರೆ ಹೌದು ಎನ್ನುತ್ತಿದ್ದೆ. ಆದರೆ ಮೂಲಕ ನೋಡುವುದೇ ಯಾಕೆ?

ಬೈಕಿನ ವಿಂಡ್‌ಶೀಲ್ಡಿಗೆ ವೈಪರ್ ಇಲ್ಲ. ಮಳೆಯಲ್ಲಿ ಹೊರಗೆ ಹನಿ, ಒಳಗೆ ಹನಿ, ಹೆಲ್ಮೆಟ್ ವೈಸರ್ ಮೇಲೆ ಇನ್ನೊಂದು ಪದರ ಹನಿ. ರಾತ್ರಿ ಎದುರಿನ ದೀಪ ಈ ಮೂರರಲ್ಲೂ ಚದುರುತ್ತದೆ. ಹೊಚ್ಚ ಹೊಸ ವಿಂಡ್‌ಶೀಲ್ಡ್ ಆದರೂ ಅಷ್ಟೇ. ಅದಕ್ಕೇ ನಾನು ಎತ್ತರದ ವಿಂಡ್‌ಶೀಲ್ಡ್ ಯಾರಿಗೂ ಸುಲಭಕ್ಕೆ ಹೇಳುವುದಿಲ್ಲ. ಮೇಲಿನ ಅಂಚು ನಿಮ್ಮ ಮೂಗಿನ ತುದಿಯ ಮಟ್ಟಕ್ಕಿರಲಿ. ಗಾಳಿ ಅಂಚನ್ನು ದಾಟಿದ ಮೇಲೂ ಮೇಲಕ್ಕೇ ಹಾರುವುದರಿಂದ ಬಹುಪಾಲು ಹೆಲ್ಮೆಟ್ಟಿನ ಮೇಲೆ ಹೋಗುತ್ತದೆ. ಕಣ್ಣು ಮಾತ್ರ ಅಂಚಿನ ಮೇಲಿಂದ ನೇರ ರಸ್ತೆ ನೋಡುತ್ತದೆ. ಗಾಡಿಯ ಮುಂದಿನ ಒಂದಷ್ಟು ಜಾಗ ಮಾತ್ರ ಪ್ಲಾಸ್ಟಿಕ್ಕಿನ ಮೂಲಕ ಕಾಣುತ್ತದೆ.

ಅಳತೆ ಸುಲಭ. ನಿಮ್ಮ ಹಳೆಯದೇ ಸಾಕು. ಹೆಲ್ಮೆಟ್ ಹಾಕಿ, ಗಾಡಿಯನ್ನು ನೆಟ್ಟಗೆ ನಿಲ್ಲಿಸಿ, ಓಡಿಸುವಾಗ ಕೂರುವ ಹಾಗೇ ಕೂತುಕೊಳ್ಳಿ. ಅಳತೆಗೆಂದು ಸೆಟೆದು ಕೂರಬೇಡಿ, ಎಲ್ಲರೂ ಅದೇ ತಪ್ಪು ಮಾಡುತ್ತಾರೆ. ಮನೆಯವರೊಬ್ಬರಿಗೆ ಹೊರಬದಿಯಲ್ಲಿ ಅಡ್ಡಕ್ಕೆ ಟೇಪು ಅಂಟಿಸಲು ಹೇಳಿ. ದೂರದ ರಸ್ತೆ ಟೇಪಿನ ಮೇಲಿಂದ ಆರಾಮಾಗಿ ಕಾಣುವವರೆಗೆ ಅದನ್ನು ಇಳಿಸುತ್ತಾ ಬನ್ನಿ. ಮೇಲಿನ ಅಂಚಿನಿಂದ ಟೇಪಿನವರೆಗೆ ಎಷ್ಟಿದೆಯೋ ಅಷ್ಟು ಗಿಡ್ಡ ಇರುವುದನ್ನು ಕೊಳ್ಳಿ. ಆಗ ಪೋಲರೈಸ್ಡ್ ಕನ್ನಡಕದ ಪಟ್ಟೆ, ಅಂಚಿನ ಬಣ್ಣದ ಸೆರಗು ಎಲ್ಲಾ ನಿಮ್ಮ ದಾರಿಯಿಂದ ಕೆಳಗೆ ಉಳಿಯುತ್ತವೆ. ಅಕ್ರಿಲಿಕ್ಕಿನ ದೊಡ್ಡ ಲಾಭ ನಿಮ್ಮ ಪಾಲಿಗೆ ಅಲ್ಲಿಗೆ ಸಣ್ಣದಾಗುತ್ತದೆ.

ದಪ್ಪದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಅಕ್ರಿಲಿಕ್ ಬಿರುಸು, ಪಾಲಿಕಾರ್ಬನೇಟ್ ಸ್ವಲ್ಪ ಬಳುಕುತ್ತದೆ. ಅಷ್ಟೇ ಬಿಗಿ ಬರಬೇಕಾದರೆ ಪಾಲಿಕಾರ್ಬನೇಟ್ ಹತ್ತಕ್ಕೆ ಒಂದು ಪಾಲು ಹೆಚ್ಚು ದಪ್ಪ ಇದ್ದರೆ ಸಾಕು, ಅಕ್ರಿಲಿಕ್ 3 ಮಿ.ಮೀ. ಇದ್ದ ಕಡೆ 3.3 ಮಿ.ಮೀ. ಎರಡರ ತೂಕವೂ ಹೆಚ್ಚುಕಡಿಮೆ ಒಂದೇ. ಬಿಸಿಲಿಗೆ ಎರಡೂ ಮೆತ್ತಗಾಗುವುದಿಲ್ಲ. ಅಕ್ರಿಲಿಕ್ ಮೆದುವಾಗಲು ಸುಮಾರು 105 ಡಿಗ್ರಿ ಬೇಕು, ಪಾಲಿಕಾರ್ಬನೇಟಿಗೆ 147.

ಈಗ ನಿಮ್ಮ ಎರಡನೇ ಕಾಯಿಲೆ, ಸ್ಕ್ರೂ. ಪ್ಲಾಸ್ಟಿಕ್ ಕಾವಿಗೆ ಹಿಗ್ಗುವುದು ಉಕ್ಕಿಗಿಂತ ಐದಾರು ಪಟ್ಟು ಜಾಸ್ತಿ. ಎರಡು ಸ್ಕ್ರೂಗಳ ನಡುವೆ 40 ಸೆಂ.ಮೀ. ಇದೆ ಎನ್ನಿ. ತಂಪು ಬೆಳಗಿನಿಂದ ಸುಡುವ ಮಧ್ಯಾಹ್ನಕ್ಕೆ ಪ್ಲಾಸ್ಟಿಕ್ 40 ಡಿಗ್ರಿ ಬಿಸಿಯಾದರೆ ಆ ಅಂತರ ಸುಮಾರು 1 ಮಿ.ಮೀ. ಹಿಗ್ಗುತ್ತದೆ. ಕೆಳಗಿನ ಉಕ್ಕಿನ ಪಟ್ಟಿ ಅಷ್ಟು ಹಿಗ್ಗುವುದಿಲ್ಲ. ಸ್ಕ್ರೂ ಗಟ್ಟಿಯಾಗಿ ಹಿಡಿದುಕೊಂಡಿದ್ದರೆ ಆ 1 ಮಿ.ಮೀ. ಎಲ್ಲಿಗೆ ಹೋಗಬೇಕು? ತೂತಿನ ಅಂಚನ್ನೇ ಎಳೆಯುತ್ತದೆ. ದಿನಾ ಒಂದು ಸಲ ಎಳೆತ, ಒಂದು ಸಲ ಸಡಿಲ. ಎರಡು ವರ್ಷ ಹೀಗಾದರೆ ಬಿರುಕು ಬಾರದೆ ಇನ್ನೇನು?

ಹಾಗಾಗಿ ತೂತು ಬೋಲ್ಟಿಗಿಂತ ಒಂದೂವರೆ, ಎರಡು ಮಿ.ಮೀ. ದೊಡ್ಡದಿರಬೇಕು. ಪ್ಲಾಸ್ಟಿಕ್ಕಿಗೂ ಲೋಹಕ್ಕೂ ನಡುವೆ ರಬ್ಬರ್ ವಾಷರ್ ಇರಬೇಕು. ಸ್ಕ್ರೂ ತಲೆಯ ಕೆಳಗೆ ನೈಲಾನ್ ವಾಷರ್ ಇರಲಿ. ಬಿಗಿಯುವುದು ಎಷ್ಟು? ರಬ್ಬರ್ ಸ್ವಲ್ಪ ಒತ್ತಿಕೊಂಡಿತು ಎನ್ನಿಸಿದ ಕೂಡಲೇ ನಿಲ್ಲಿಸಿ. ಉದ್ದ ಹಿಡಿಯ ಸ್ಪ್ಯಾನರ್ ಬೇಡ, ಸಣ್ಣ ಸ್ಕ್ರೂಡ್ರೈವರನ್ನು ಎರಡು ಬೆರಳಲ್ಲಿ ಹಿಡಿದು ತಿರುಗಿಸಿದಷ್ಟು ಸಾಕು. ಎಲ್ಲಾ ಸ್ಕ್ರೂಗಳನ್ನೂ ಮೊದಲು ಸಡಿಲವಾಗಿ ಹಾಕಿ, ವಿಂಡ್‌ಶೀಲ್ಡ್ ತಾನಾಗಿ ಕೂತ ಮೇಲೆ ಒಂದೊಂದಾಗಿ ಬಿಗಿಯಿರಿ. ತೂತು ಹೊಂದುತ್ತಿಲ್ಲ ಎಂದು ಕೈಯಿಂದ ಎಳೆದು, ಬಗ್ಗಿಸಿ ಸ್ಕ್ರೂ ಹಾಕಿದರೆ ಆ ಸೆಳೆತ ಅಲ್ಲೇ ಉಳಿದು ಮುಂದೊಂದು ದಿನ ಬಿರುಕಾಗಿ ಹೊರಗೆ ಬರುತ್ತದೆ. ಹೊಸ ತೂತು ಕೊರೆಯಬೇಕಾಗಿ ಬಂದರೆ ಪಾಲಿಕಾರ್ಬನೇಟ್ ಮನೆಯಲ್ಲೇ ಕೊರೆಯಬಹುದು. ಅಕ್ರಿಲಿಕ್ಕಿಗೆ ಕಬ್ಬಿಣ ಕೊರೆಯುವ ಮಾಮೂಲಿ ಬಿಟ್ ಹಾಕಬೇಡಿ, ಆಚೆ ಬದಿಗೆ ಹೊರಬರುವ ಕ್ಷಣದಲ್ಲಿ ಕಚ್ಚಿಕೊಂಡು ಚಕ್ಕೆ ಎಬ್ಬಿಸುತ್ತದೆ.

ಬಹಳ ಮಂದಿಗೆ ಗೊತ್ತಿಲ್ಲದ ಒಂದು ಇದೆ. ನಟ್ ಸಡಿಲವಾಗದಿರಲಿ ಎಂದು ಬೋಲ್ಟಿನ ಸುರುಳಿ ಗೆರೆಗಳಿಗೆ ಹಾಕುವ ಅಂಟು, ಥ್ರೆಡ್‌ಲಾಕರ್ ಎನ್ನುತ್ತಾರಲ್ಲ, ಅದು ಎರಡೂ ಪ್ಲಾಸ್ಟಿಕ್ಕಿಗೆ ವಿಷ. ಸೆಳೆತ ಇರುವ ಜಾಗಕ್ಕೆ ಒಂದು ಹನಿ ತಾಗಿದರೂ ಬಿರುಕಿನ ಜಾಲ ಹುಟ್ಟುತ್ತದೆ. ನಿಮ್ಮ ಬಿರುಕುಗಳು ಕೂದಲಿನಷ್ಟು ಸಣ್ಣಗೆ, ತೂತಿನ ಸುತ್ತ ನಕ್ಷತ್ರದ ಹಾಗೆ ಹರಡಿದ್ದರೆ ಹಿಂದೆ ಹಾಕಿದವರು ಇದನ್ನು ಬಳಸಿದ್ದರೇನೋ. ಸಡಿಲವಾಗುವ ಹೆದರಿಕೆ ಇದ್ದರೆ ಒಳಗೆ ನೈಲಾನ್ ಇರುವ ನಟ್ ಹಾಕಿ.

ಬೇರೆ ವಿಷಗಳೂ ಇವೆ. ಬ್ರೇಕ್ ಆಯಿಲ್, ಪೆಟ್ರೋಲ್, ಥಿನ್ನರ್, ಅಮೋನಿಯಾ ಇರುವ ಗಾಜಿನ ಕ್ಲೀನರ್ ಎರಡಕ್ಕೂ ಆಗುವುದಿಲ್ಲ. ಸ್ಪಿರಿಟ್ಟು ಅಕ್ರಿಲಿಕ್ಕಿಗೆ ಜಾಸ್ತಿ ತೊಂದರೆ. ಕಾರಿನ ಗಾಜಿಗೆಂದೇ ಮಾಡಿದ, ಮಳೆನೀರು ಜಾರಿಸುವ ದ್ರವವನ್ನು ಪ್ಲಾಸ್ಟಿಕ್ಕಿಗೂ ಆಗುತ್ತದೆ ಎಂದು ಬಾಟಲಿಯ ಮೇಲೆ ಬರೆದಿದ್ದರೆ ಮಾತ್ರ ಹಚ್ಚಿ. ಸೊಳ್ಳೆ ಕಚ್ಚದಂತೆ ಕೈಗೆ ಹಚ್ಚುವ ಕ್ರೀಮಿನಲ್ಲಿ ಡೀಟ್ ಎಂಬ ವಸ್ತು ಇದ್ದರೆ ಅದೂ ಪ್ಲಾಸ್ಟಿಕ್ ಕರಗಿಸುತ್ತದೆ. ಹಚ್ಚಿದ ಕೈಯಲ್ಲಿ ವಿಂಡ್‌ಶೀಲ್ಡ್ ಮುಟ್ಟಿ, ಬೆರಳಚ್ಚು ಶಾಶ್ವತವಾಗಿ ಉಳಿದದ್ದನ್ನು ನೋಡಿದ್ದೇನೆ.

ಮಾರುವವರು ಕೊಟ್ಟದ್ದು ನಿಜಕ್ಕೂ ಪಾಲಿಕಾರ್ಬನೇಟೇ ಎಂದು ತಿಳಿಯುವುದು ಹೇಗೆ? ತೂಕ ನೋಡಿ ಗೊತ್ತಾಗುವುದಿಲ್ಲ. ಸುಟ್ಟು ನೋಡುವ ವಿಧಾನವಿದೆ, ಆದರೆ ಕೊಳ್ಳಬೇಕಾದ ಮಾಲನ್ನು ಯಾರು ಸುಡುತ್ತಾರೆ? ನಿಮ್ಮ ಕನ್ನಡಕವೇ ಇಲ್ಲಿ ಉಪಕಾರಕ್ಕೆ ಬರುತ್ತದೆ. ಕಂಪ್ಯೂಟರಿನ ಎಲ್‌ಸಿಡಿ ಪರದೆಯನ್ನು ಪೂರ್ತಿ ಬಿಳಿ ಮಾಡಿ, ಅದರ ಮುಂದೆ ವಿಂಡ್‌ಶೀಲ್ಡ್ ಹಿಡಿದು, ಪೋಲರೈಸ್ಡ್ ಕನ್ನಡಕ ಹಾಕಿ ನೋಡಿ. ತಲೆಯನ್ನು ಆಚೀಚೆ ಓರೆ ಮಾಡಿ. ಬಾಗಿದ ಜಾಗಗಳಲ್ಲಿ, ತೂತುಗಳ ಸುತ್ತ ದಟ್ಟ ಬಣ್ಣಗಳು ಕಂಡರೆ ಬಹುಮಟ್ಟಿಗೆ ಪಾಲಿಕಾರ್ಬನೇಟ್. ಏನೂ ಕಾಣದಿದ್ದರೆ ಅಕ್ರಿಲಿಕ್ ಇರಬೇಕು. ಹಾಗೆ ನೋಡುವಾಗ ನಿಮ್ಮ ಹಳೆಯದನ್ನೂ ಹಿಡಿದು ನೋಡಿ. ಅದು ಯಾವುದೆಂದು ನೀವು ಬರೆದಿಲ್ಲ. ನನ್ನ ಅಂದಾಜು ಅಕ್ರಿಲಿಕ್.

ಅಕ್ರಿಲಿಕ್ಕನ್ನು ನಾನು ಯಾರಿಗೆ ಹೇಳುತ್ತೇನೆ? ಹಳೆಯ ಕಾಲದ ಬೈಕನ್ನು ಮುದ್ದಾಗಿ ಇಟ್ಟುಕೊಂಡು, ನಿಧಾನ ಓಡಿಸುವವರಿಗೆ. ವಿಂಡ್‌ಶೀಲ್ಡ್ ಮೂಲಕವೇ ನೋಡದೆ ಗತಿಯಿಲ್ಲ ಎನ್ನುವವರಿಗೆ. ಗಾಡಿಯನ್ನು ವರ್ಷವಿಡೀ ಬಿಸಿಲಲ್ಲೇ ನಿಲ್ಲಿಸುವವರಿಗೆ. ಅದರಲ್ಲೂ ಎರಕ ಹೊಯ್ದ ಅಕ್ರಿಲಿಕ್ ಸಿಕ್ಕರೆ ಒಳ್ಳೆಯದು. ಯಂತ್ರದಿಂದ ಹಾಳೆಯಾಗಿ ಹಿಂಡಿ ತೆಗೆದದ್ದಕ್ಕಿಂತ ಅದು ಸಣ್ಣ ಬಿರುಕುಗಳನ್ನು ಚೆನ್ನಾಗಿ ತಡೆಯುತ್ತದೆ. ಒಣ ಬಟ್ಟೆ ಬಿಡಲು ಆಗುವುದೇ ಇಲ್ಲ ಎನ್ನುವವರಿಗೂ ಅಕ್ರಿಲಿಕ್ಕೇ ಸರಿ. ವರ್ಷಕ್ಕೊಮ್ಮೆ ಪಾಲಿಶ್ ಮಾಡಿಕೊಂಡಾದರೂ ಇರಬಹುದು.

ನೀವು ಲಾರಿಗಳ ಹಿಂದೆ ದಿನಾ 70 ಕಿ.ಮೀ. ಹೋಗುವವರು. ನಿಮಗೆ ಎರಡೂ ಬದಿ ಹಾರ್ಡ್‌ಕೋಟ್ ಇರುವ ಪಾಲಿಕಾರ್ಬನೇಟ್, ಮೂಗಿನ ತುದಿಯ ಎತ್ತರಕ್ಕೆ, ಬಣ್ಣವಿಲ್ಲದ್ದು. ಲಾರಿಯಿಂದ ಸ್ವಲ್ಪ ದೂರ ಉಳಿದರೆ ಇನ್ನೂ ಒಳ್ಳೆಯದು. ಜಲ್ಲಿ ನೆಲಕ್ಕೆ ಬೀಳಲು ಹೊತ್ತು ಸಿಗುತ್ತದೆ.

ತೊಳೆಯುವುದು ಹೀಗೆ. ಮೊದಲು ಧಾರಾಳ ನೀರು ಸುರಿದು ಧೂಳು ಹರಿದು ಹೋಗಲು ಬಿಡಿ, ಕೈ ಹಾಕಬೇಡಿ. ಒಣಗಿ ಅಂಟಿದ ಹುಳಗಳಿದ್ದರೆ ಒದ್ದೆ ಬಟ್ಟೆಯನ್ನು ಅವುಗಳ ಮೇಲೆ ಹೊದಿಸಿ ಹತ್ತು ನಿಮಿಷ ಬಿಡಿ, ತಾವಾಗಿ ಮೆತ್ತಗಾಗುತ್ತವೆ. ಆಮೇಲೆ ಸೌಮ್ಯ ಸೋಪಿನ ನೀರು, ಶುದ್ಧ ಮೈಕ್ರೊಫೈಬರ್ ಬಟ್ಟೆ. ಮೇಲಿನಿಂದ ಕೆಳಕ್ಕೆ ಹಗುರಾಗಿ ಎಳೆಯಿರಿ, ಗುಂಡಗೆ ತಿರುಗಿಸಬೇಡಿ. ಮತ್ತೆ ನೀರು. ಆ ಬಟ್ಟೆ ನೆಲಕ್ಕೆ ಬಿದ್ದರೆ ತೊಳೆಯದೆ ಮತ್ತೆ ಬಳಸಬೇಡಿ. ಬೆಳಿಗ್ಗೆ ಅವಸರವಿದ್ದು ನೀರಿಲ್ಲದಿದ್ದರೆ ಒರೆಸದೇ ಹೊರಡಿ. ನೀವು ಈಗ ಅದರ ಮೇಲಿಂದ ನೋಡುವವರು, ಸ್ವಲ್ಪ ಧೂಳಿದ್ದರೆ ಏನೂ ಆಗುವುದಿಲ್ಲ. ದಿನಾ ಒರೆಸುತ್ತಿದ್ದ ಹಳೆಯ ಬಟ್ಟೆಯನ್ನು ಚೈನ್ ಒರೆಸಲು ಇಟ್ಟುಕೊಳ್ಳಿ.